ಹೊಸ ಬೈಕಿಗೆ ತುಕ್ಕು ಹಿಡಿದರೆ: ವಾರಂಟಿ ಪುಸ್ತಕ ಏನನ್ನುತ್ತೆ, ಕಾನೂನು ಏನನ್ನುತ್ತೆ

‘ತುಕ್ಕು ವಾರಂಟಿಯಲ್ಲಿ ಬರಲ್ಲ.’ ಹೊಸ ಬೈಕ್ ತಗೊಂಡು ಆರು ತಿಂಗಳಾಗುವಷ್ಟರಲ್ಲಿ ಕಂದು ಕಲೆ ಕಂಡು ಸರ್ವಿಸ್ ಸೆಂಟರಿಗೆ ಓಡಿದವರಲ್ಲಿ ಹೆಚ್ಚಿನವರಿಗೆ ಸಿಗುವ ಉತ್ತರ ಇದು. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೇ ಇರುವುದರಿಂದಲೇ ಎಷ್ಟೋ ಜನ ಸುಮ್ಮನೆ ವಾಪಸ್ ಬರ್ತಾರೆ, ಸ್ವಂತ ದುಡ್ಡು ಹಾಕಿ ಬಣ್ಣ ಬಳಿಸ್ತಾರೆ, ಇಎಂಐ ಕಟ್ತಾ ಇರ್ತಾರೆ.

2024–25ರಲ್ಲಿ ದೇಶದಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳು 1.9 ಕೋಟಿಗೂ ಹೆಚ್ಚು. ಇವುಗಳಲ್ಲಿ ದೊಡ್ಡ ಪಾಲು ಸಾಲದ ಮೇಲೆ ತಗೊಂಡಿದ್ದು. ಅನೇಕ ಮನೆಗಳಲ್ಲಿ ಮನೆ, ಜಮೀನು ಬಿಟ್ಟರೆ ಅತಿ ಹೆಚ್ಚು ದುಡ್ಡು ಹಾಕಿದ ವಸ್ತು ಅದೇ. ಅಂಥ ವಸ್ತು ಒಂದೇ ಮಳೆಗಾಲಕ್ಕೆ ಕೆಂಪಗಾದರೆ ಅದು ಬರೀ ಅಂದಚೆಂದದ ಪ್ರಶ್ನೆ ಅಲ್ಲ. ಯಾವ ತುಕ್ಕಿಗೆ ಹೆದರಬೇಕು, ಯಾವುದಕ್ಕೆ ಬೇಡ, ಕಂಪನಿಯನ್ನು ಯಾವ ಮಾತಲ್ಲಿ ಹಿಡಿಯಬೇಕು, ಕೊನೆಗೆ ಗ್ರಾಹಕ ಆಯೋಗದ ಬಾಗಿಲು ತಟ್ಟುವುದು ಹೇಗೆ ಅನ್ನೋದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಕರಾವಳಿಯಲ್ಲಿ ಇರುವವನಾದ್ದರಿಂದ ಉದಾಹರಣೆಗಳು ಇಲ್ಲಿಯವೇ. ನಿಯಮ ಎಲ್ಲ ಕಡೆಗೂ ಒಂದೇ.

ತುಕ್ಕು ಯಾಕೆ ಹಿಡಿಯುತ್ತೆ?

ಕಬ್ಬಿಣಕ್ಕೆ ನೀರು, ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಶುರು. ಆ ನೀರಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತೆ, ಕೆಲಸ ಹಲವು ಪಟ್ಟು ಬೇಗ ಆಗುತ್ತೆ. ಉಪ್ಪಿನೊಳಗಿನ ಕ್ಲೋರೈಡ್ ಇನ್ನೂ ಒಂದು ಕೆಲಸ ಮಾಡುತ್ತೆ: ಲೋಹದ ಮೇಲಿರುವ ತೆಳುವಾದ ರಕ್ಷಣಾ ಪದರವನ್ನು ಚುಕ್ಕಿ ಚುಕ್ಕಿಯಾಗಿ ತೂತು ಮಾಡುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೂ ಚಹಾ ಬಣ್ಣದ ಕಲೆ ಬರೋದು ಇದರಿಂದಲೇ. ಇನ್ನೊಂದು ಬಗೆಯ ಸವೆತ ಎರಡು ಲೋಹ ಸೇರುವ ಕಡೆ ಆಗುತ್ತೆ. ಅಲ್ಯೂಮಿನಿಯಂ ಇಂಜಿನ್ ಕವರಿಗೆ ಸ್ಟೀಲ್ ಬೋಲ್ಟ್ ಹಾಕಿ, ನಡುವೆ ಉಪ್ಪು ನೀರು ನಿಂತರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದು ಧೂಳಲ್ಲ, ಅಲ್ಯೂಮಿನಿಯಂನ ತುಕ್ಕು.

ಮಂಗಳೂರು ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 3,500 ಮಿಲಿಮೀಟರ್. ಅದರ ಮೇಲೆ ಸಮುದ್ರದ ಗಾಳಿ. ಅದೂ ಸಾಲದು ಅಂತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ನೀರು. ಮಲ್ಪೆಯಿಂದಲೋ ಮಂಗಳೂರು ದಕ್ಕೆಯಿಂದಲೋ ಹೊರಟ ಲಾರಿಯ ಹಿಂದೆ ಅರ್ಧ ಗಂಟೆ ಬೈಕ್ ಓಡಿಸಿದರೆ ಚಕ್ರ ಎತ್ತಿ ಎಸೆಯುವ ಉಪ್ಪು ನೀರು ಬೈಕಿನ ಹೊಟ್ಟೆಯ ಕೆಳಗೆಲ್ಲ ಕೂರುತ್ತೆ.

ಇದೆಲ್ಲ ಕಂಪನಿಗಳಿಗೆ ಗೊತ್ತಿಲ್ಲದ್ದಲ್ಲ. ಬಿಡಿಭಾಗಗಳನ್ನು ಉಪ್ಪಿನ ಮಂಜಿನ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸುವುದು ವಾಹನ ಉದ್ಯಮದಲ್ಲಿ ದಶಕಗಳಿಂದ ಇದೆ. ಶೇ. 5ರ ಉಪ್ಪಿನ ದ್ರಾವಣ, 35 ಡಿಗ್ರಿ ಸೆಲ್ಸಿಯಸ್, ಎಷ್ಟು ಗಂಟೆಗೆ ತುಕ್ಕು ಕಾಣುತ್ತೆ ಅಂತ ಲೆಕ್ಕ. ಇದಕ್ಕೆ ಐಎಸ್‌ಒ 9227 ಅನ್ನುವ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಹಾಗಾಗಿ ‘ಕರಾವಳಿ ಹವೆ ನಮ್ಮ ಕೈಲಿಲ್ಲ’ ಅನ್ನೋ ಮಾತನ್ನು ಅಷ್ಟು ಸುಲಭವಾಗಿ ಒಪ್ಪಬೇಕಿಲ್ಲ. ಹವೆ ಅವರ ಕೈಲಿಲ್ಲ, ಲೇಪನ ಅವರ ಕೈಲಿದೆ.

ಎಲ್ಲ ತುಕ್ಕೂ ಒಂದೇ ಅಲ್ಲ

ಜಗಳಕ್ಕೆ ಹೋಗುವ ಮೊದಲು ಬೈಕನ್ನು ಒಮ್ಮೆ ಸರಿಯಾಗಿ ನೋಡಿ. ನಾನು ಮೂರು ಗುಂಪು ಮಾಡಿಕೊಳ್ತೇನೆ.

ಮೊದಲನೆಯದು, ತಲೆ ಕೆಡಿಸಿಕೊಳ್ಳಬೇಕಿಲ್ಲದ್ದು. ಮಳೆಯಲ್ಲಿ ರಾತ್ರಿ ನಿಂತ ಬೈಕಿನ ಬ್ರೇಕ್ ಡಿಸ್ಕ್ ಬೆಳಿಗ್ಗೆ ಕೆಂಪಗಿರುತ್ತೆ. ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತೆ. ಚೈನಿನ ಹೊರಮೈ ಮೇಲಿನ ತಿಳಿ ಕಂದು ಬಣ್ಣವೂ ಲೂಬ್ ಹಾಕಿದರೆ ಹೋಗುವಂಥದ್ದು. ಇದಕ್ಕೆ ವಾರಂಟಿ ಕೇಳಿದರೆ ನಿಮ್ಮ ಮಿಕ್ಕ ದೂರುಗಳ ತೂಕವೂ ಕಮ್ಮಿಯಾಗುತ್ತೆ.

ಎರಡನೆಯದು, ನೋಡಲು ಕೆಟ್ಟದು, ಆದರೆ ಕೂಡಲೇ ಅಪಾಯ ಇಲ್ಲ. ಬೆಂಡ್ ಪೈಪ್, ಸೈಲೆನ್ಸರಿನ ಬೆಸುಗೆ, ಸೈಡ್ ಸ್ಟ್ಯಾಂಡ್, ಫುಟ್‌ರೆಸ್ಟ್ ಬ್ರಾಕೆಟ್, ನಟ್-ಬೋಲ್ಟಿನ ತಲೆಗಳು. ಬೆಂಡ್ ಪೈಪ್ ಕಾದು, ತಣಿದು, ಮತ್ತೆ ಕಾದು ಬಣ್ಣ ಬಿಡೋದರಿಂದ ಅಲ್ಲಿ ಎಲ್ಲಕ್ಕಿಂತ ಮೊದಲು ತುಕ್ಕು ಕಾಣುತ್ತೆ.

ಮೂರನೆಯದು ಅಪಾಯದ್ದು. ಚಾಸಿಯ ಬೆಸುಗೆಗಳು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಹ್ಯಾಂಡಲ್ ತಿರುಗುವ ಕತ್ತಿನ ಭಾಗ, ಸ್ಪೋಕ್ ಚಕ್ರವಾದರೆ ಸ್ಪೋಕುಗಳು, ಬ್ರೇಕಿನ ಪೈಪ್ ಸೇರುವ ಜಾಗ, ಪೆಟ್ರೋಲ್ ಟ್ಯಾಂಕಿನ ಒಳಮೈ. ಮುಂದಿನ ಶಾಕಿನ ಹೊಳೆಯುವ ರಾಡ್ ಮೇಲೆ ಸಣ್ಣ ಚುಕ್ಕಿ ಕಂಡರೆ ‘ಏನಾಗಲ್ಲ ಬಿಡಿ’ ಅಂತ ಬಿಡಬೇಡಿ. ಆ ಚುಕ್ಕಿ ಆಯಿಲ್ ಸೀಲನ್ನು ಹರಿಯುತ್ತೆ, ಆಯಿಲ್ ಸೋರುತ್ತೆ, ಸೋರಿದ ಆಯಿಲ್ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯಲ್ಲ. ಟ್ಯಾಂಕಿನ ವಿಷಯದಲ್ಲಿ ಇನ್ನೊಂದು ಮಾತು: ಎಥನಾಲ್ ನೀರನ್ನು ಹೀರುವ ಗುಣದ್ದು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿರುವ ಅರ್ಧ ಟ್ಯಾಂಕಿನ ಬೈಕನ್ನು ಮಳೆಗಾಲವಿಡೀ ಓಡಿಸದೆ ನಿಲ್ಲಿಸಿದರೆ ಒಳಗೆ ತೇವ ಸೇರುವ ಸಾಧ್ಯತೆ ಹೆಚ್ಚು.

ವಾರಂಟಿ ಪುಸ್ತಕದ ಎರಡು ವಾಕ್ಯ

ಬೈಕಿನ ಜೊತೆ ಬಂದ ಪುಸ್ತಕ ತೆಗೀರಿ. ಕಂಪನಿ ಯಾವುದಾದರೂ ಆಗಲಿ, ಸಾಮಾನ್ಯವಾಗಿ ಎರಡು ವಾಕ್ಯ ಇರುತ್ತವೆ. ಒಂದು, ‘ಸಾಮಗ್ರಿಯಲ್ಲಿ ಅಥವಾ ತಯಾರಿಕೆಯಲ್ಲಿ ದೋಷ ಇದ್ದರೆ ಆ ಭಾಗವನ್ನು ಉಚಿತವಾಗಿ ರಿಪೇರಿ ಮಾಡಿಕೊಡುತ್ತೇವೆ ಅಥವಾ ಬದಲಿಸುತ್ತೇವೆ’ ಅನ್ನುವ ಅರ್ಥದ್ದು. ಎರಡು, ‘ವಾತಾವರಣದ ಪರಿಣಾಮದಿಂದ ಬಣ್ಣದ, ಲೇಪನದ ಭಾಗಗಳು ತುಕ್ಕು ಹಿಡಿದರೆ, ಬಣ್ಣ ಮಾಸಿದರೆ ವಾರಂಟಿ ಇಲ್ಲ’ ಅನ್ನುವ ಅರ್ಥದ್ದು.

ಸರ್ವಿಸ್ ಸೆಂಟರಿನವರು ಎರಡನೆಯದನ್ನು ಮಾತ್ರ ಓದಿ ಹೇಳ್ತಾರೆ. ಇಡೀ ಜಗಳ ಇರೋದು ಈ ಎರಡರ ನಡುವೆ. ತುಕ್ಕು ಅನ್ನೋದು ಲಕ್ಷಣ, ಜ್ವರದ ಹಾಗೆ. ಜ್ವರಕ್ಕೆ ಕಾರಣ ಏನು ಅಂತ ಕೇಳಬೇಕು. ಬೆಸುಗೆ ಹಾಕಿದ ಮೇಲೆ ಸಿಡಿದ ಲೋಹದ ಕಣಗಳನ್ನು ಉಜ್ಜಿ ತೆಗೆಯದೆ ಬಣ್ಣ ಹೊಡೆದಿದ್ದರೆ ಅದು ಹವೆಯ ತಪ್ಪಲ್ಲ, ತಯಾರಿಕೆಯ ದೋಷ. ಒಂದು ಮೂಲೆಗೆ ಬಣ್ಣವೇ ತಲುಪದಿದ್ದರೆ, ಬೋಲ್ಟಿನ ಸತುವಿನ ಲೇಪನ ತೆಳುವಾಗಿದ್ದರೆ, ಅವೂ ಹಾಗೇ. ‘ತುಕ್ಕು ವಾರಂಟಿಯಲ್ಲಿ ಬರುತ್ತಾ?’ ಅಂತ ಕೇಳಿದರೆ ಉತ್ತರ ‘ಇಲ್ಲ’. ‘ಈ ಬೆಸುಗೆಯ ಮೇಲೆ ಬಣ್ಣ ಸರಿಯಾಗಿ ಕೂತಿಲ್ಲ, ಇದು ತಯಾರಿಕೆಯ ದೋಷ, ಪರಿಶೀಲಿಸಿ’ ಅಂದರೆ ಅವರು ಬೇರೆ ಉತ್ತರ ಹುಡುಕಬೇಕಾಗುತ್ತೆ.

ಇದನ್ನು ತೋರಿಸೋದು ಹೇಗೆ? ಎಡ-ಬಲ ಹೋಲಿಸಿ. ಒಂದೇ ಬೈಕಿನ ಎರಡೂ ಬದಿಗೆ ಬೀಳೋದು ಒಂದೇ ಮಳೆ, ಒಂದೇ ಗಾಳಿ. ಎಡಗಡೆಯ ಬೆಸುಗೆ ಕೆಂಪಾಗಿ, ಬಲಗಡೆಯ ಅದೇ ಬೆಸುಗೆ ಹೊಸದರಂತಿದ್ದರೆ ಹವೆಯನ್ನು ದೂರಲು ಬರಲ್ಲ. ಬಣ್ಣ ಗುಳ್ಳೆ ಎದ್ದಿದೆಯಾ ನೋಡಿ. ಕಲ್ಲು ಬಡಿದು ಬಣ್ಣ ಹಾರಿದ ಜಾಗದಲ್ಲಿ ತುಕ್ಕು ಮೇಲಿನಿಂದ ಶುರುವಾಗುತ್ತೆ, ನಡುವೆ ಗಾಯದ ಗುರುತು ಇರುತ್ತೆ. ಬಣ್ಣ ಹೊಡೆಯುವ ಮುಂಚಿನ ತಯಾರಿ ಸರಿಯಿಲ್ಲದಿದ್ದರೆ ಅಡಿಯಿಂದ ಉಬ್ಬಿಕೊಂಡು ಬರುತ್ತೆ. ಕೊನೆಯದಾಗಿ, ಅದೇ ಊರಲ್ಲಿ ಓಡುವ, ಅದೇ ಮಾದರಿಯ, ಅಷ್ಟೇ ಹಳೆಯ ನಾಲ್ಕು ಬೈಕ್ ನೋಡಿ.

ನನ್ನ ಬೈಕಿನ ಕತೆಯೂ ಇದೇ. ಫೆಬ್ರವರಿಯಲ್ಲಿ ತಗೊಂಡದ್ದು, ಜುಲೈಯಲ್ಲಿ ಮೂರು ಕಡೆ ತುಕ್ಕು: ಬೆಂಡ್ ಪೈಪ್, ಫುಟ್‌ರೆಸ್ಟಿನ ಬೋಲ್ಟುಗಳು, ಸ್ವಿಂಗ್ ಆರ್ಮಿನ ಎಡಗಡೆಯ ಬೆಸುಗೆ. ಸರ್ವಿಸ್ ಅಡ್ವೈಸರ್ ನೋಡಿದ ಕೂಡಲೇ, ‘ಇದು ಸಮುದ್ರದ ಗಾಳಿ ಸರ್, ನಾವೆಂತ ಮಾಡ್ಲಿಕ್ಕೆ ಆಗ್ತದೆ? ಇಲ್ಲಿ ಎಲ್ಲರದ್ದೂ ಹೀಗೇ’ ಅಂದರು. ಜಗಳ ಮಾಡಲಿಲ್ಲ. ‘ಸರಿ ಅಣ್ಣ, ಇದನ್ನೇ ಜಾಬ್ ಕಾರ್ಡಲ್ಲಿ ಬರೆದು ಕೊಡಿ’ ಅಂದೆ. ಬರೆದುಕೊಡಲು ಹಿಂದೆಮುಂದೆ ನೋಡಿದರು, ಕೊನೆಗೆ ಬರೆದರು. ಆ ಜಾಬ್ ಕಾರ್ಡ್, ಎಡ-ಬಲ ಬೆಸುಗೆಯ ಎರಡು ಫೋಟೋ ಸೇರಿಸಿ ಕಂಪನಿಗೆ ಇಮೇಲ್ ಹಾಕಿದ ಮೇಲೆ ಅವರ ಏರಿಯಾ ಸರ್ವಿಸ್ ಮ್ಯಾನೇಜರ್ ಬಂದು ನೋಡಿದರು. ಸ್ವಿಂಗ್ ಆರ್ಮ್, ಬೋಲ್ಟುಗಳನ್ನು ಬದಲಿಸಿಕೊಟ್ಟರು. ಬೆಂಡ್ ಪೈಪ್ ಕೊಡಲಿಲ್ಲ. ಬೆಂಡ್ ಪೈಪಿನ ವಿಷಯದಲ್ಲಿ ನನ್ನ ಹತ್ತಿರ ವಾದ ಇರಲಿಲ್ಲ, ಅದನ್ನು ಅಲ್ಲಿಗೇ ಬಿಟ್ಟೆ. ಪೂರ್ತಿ ಗೆಲುವಲ್ಲ, ಆದರೆ ಸುರಕ್ಷತೆಗೆ ಬೇಕಾದ್ದು ಸಿಕ್ಕಿತು.

ದಾಖಲೆ ಮಾಡುವ ಕ್ರಮ

ಗ್ರಾಹಕರ ದೂರುಗಳು ಸೋಲೋದು ಬಹುತೇಕ ಇಲ್ಲೇ. ಬಾಯಿಮಾತಲ್ಲಿ ಹೇಳಿದ್ದು ಹೇಳಿದ ಹಾಗಲ್ಲ.

1. ತುಕ್ಕನ್ನು ಉಜ್ಜುವ ಮೊದಲು ಫೋಟೋ ತೆಗೀರಿ. ಇಡೀ ಬೈಕಿನದ್ದು ನಂಬರ್ ಪ್ಲೇಟ್ ಕಾಣುವಂತೆ ಒಂದು, ಓಡೋಮೀಟರಿನದ್ದು ಒಂದು, ತುಕ್ಕಿನ ಪ್ರತಿ ಜಾಗದ್ದು ದೂರದಿಂದ ಒಂದು, ಹತ್ತಿರದಿಂದ ಒಂದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದರೆ ಗಾತ್ರ ಗೊತ್ತಾಗುತ್ತೆ. ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ. ವಾಟ್ಸಾಪಲ್ಲಿ ಫೋಟೋವಾಗಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನ, ಸಮಯದ ಮಾಹಿತಿ ಉಳಿಯಲ್ಲ.

2. ಆರ್‌ಸಿಯಲ್ಲಿ ಬೈಕ್ ತಯಾರಾದ ತಿಂಗಳು, ವರ್ಷ ಇರುತ್ತೆ. ಡೆಲಿವರಿ ದಿನಾಂಕದ ಜೊತೆ ಹೋಲಿಸಿ. ನಡುವೆ ಏಳೆಂಟು ತಿಂಗಳ ಅಂತರ ಇದ್ದು, ಅದರಲ್ಲಿ ಒಂದು ಮಳೆಗಾಲವೂ ಇದ್ದರೆ, ಬೈಕ್ ಎಲ್ಲಿ ನಿಂತಿತ್ತು ಅಂತ ಕೇಳುವ ಹಕ್ಕು ನಿಮಗಿದೆ. ಬಯಲಲ್ಲಿರುವ ಸ್ಟಾಕ್‌ಯಾರ್ಡಿನಲ್ಲಿ ನೆನೆದ ಬೈಕ್ ನಿಮ್ಮ ಕೈಗೆ ಬರುವ ಮೊದಲೇ ತುಕ್ಕಿಗೆ ಸಿದ್ಧವಾಗಿರುತ್ತೆ.

3. ಪ್ರತಿ ಫ್ರೀ ಸರ್ವಿಸನ್ನೂ ಹೇಳಿದ ಅವಧಿಯೊಳಗೆ ಮಾಡಿಸಿ. ಕಂಪನಿಯವರು ಮೊದಲು ಹುಡುಕುವ ನೆಪ ಇದೇ.

4. ಜಾಬ್ ಕಾರ್ಡಿನಲ್ಲಿ ‘ಗ್ರಾಹಕರ ದೂರು’ ಅನ್ನುವ ಜಾಗದಲ್ಲಿ ತುಕ್ಕಿನ ವಿಷಯ ಬರೆಸಿ, ಪ್ರತಿ ತಗೊಳ್ಳಿ. ‘ಜನರಲ್ ಚೆಕಪ್’ ಅಂತ ಬರೆದು ಸಹಿ ಕೇಳಿದರೆ ಹಾಕಬೇಡಿ. ಅವರು ಬರೆಯಲು ಒಪ್ಪದಿದ್ದರೆ ಅಲ್ಲೇ ನಿಂತು ಶೋರೂಮಿನ ಇಮೇಲಿಗೆ ಎರಡು ಸಾಲು ಕಳಿಸಿ: ಇಂಥ ದಿನ, ಇಷ್ಟು ಗಂಟೆಗೆ ಬಂದಿದ್ದೆ, ಇದನ್ನು ತೋರಿಸಿದೆ, ಜಾಬ್ ಕಾರ್ಡ್ ಮಾಡಲಿಲ್ಲ.

5. ಡೀಲರಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ. ವಾರಂಟಿ ಕೊಟ್ಟಿರೋದು ಕಂಪನಿ. ಡೀಲರ್ ಕೆಲಸ ಮಾಡಿ, ಫೋಟೋ ಸಮೇತ ಕಂಪನಿಗೆ ಕ್ಲೇಮ್ ಕಳಿಸಿ, ದುಡ್ಡು ವಸೂಲಿ ಮಾಡಿಕೊಳ್ಳಬೇಕು. ಕ್ಲೇಮ್ ತಿರಸ್ಕಾರವಾದರೆ ನಷ್ಟ ಅವರದ್ದು. ಕೌಂಟರಿನಲ್ಲಿ ಕೂತವರು ‘ಬರಲ್ಲ’ ಅನ್ನುವ ಹಿಂದೆ ಈ ಲೆಕ್ಕವೂ ಇರುತ್ತೆ, ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಕಂಪನಿಗೆ ಬರೆಯುವ ಪತ್ರ ಉದ್ದ ಬೇಕಿಲ್ಲ. ಇಷ್ಟು ಸಾಕು:

‘ಮಾನ್ಯರೇ, ನಿಮ್ಮ ಅಧಿಕೃತ ಡೀಲರಿಂದ ಇಂಥ ದಿನಾಂಕದಂದು ಖರೀದಿಸಿದ ನನ್ನ ಬೈಕಿನ (ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ) ಕೆಳಗಿನ ಭಾಗಗಳಲ್ಲಿ ಐದು ತಿಂಗಳೊಳಗೆ ತುಕ್ಕು ಕಾಣಿಸಿಕೊಂಡಿದೆ. ಸ್ವಿಂಗ್ ಆರ್ಮಿನ ಎಡಬದಿಯ ಬೆಸುಗೆಯಲ್ಲಿ ಬಣ್ಣ ಅಡಿಯಿಂದ ಎದ್ದಿದೆ. ಬಲಬದಿಯ ಅದೇ ಜಾಗದಲ್ಲಿ ಇಂಥ ಸಮಸ್ಯೆ ಇಲ್ಲ. ಆದ್ದರಿಂದ ಇದು ವಾತಾವರಣದ ಪರಿಣಾಮವಲ್ಲ, ತಯಾರಿಕೆಯ ದೋಷ ಎಂಬುದು ನನ್ನ ದೂರು. ಎಲ್ಲ ಸರ್ವಿಸುಗಳೂ ಸಮಯಕ್ಕೆ ಆಗಿವೆ. ಫೋಟೋ, ಜಾಬ್ ಕಾರ್ಡ್ ಲಗತ್ತಿಸಿದ್ದೇನೆ. ನಿಮ್ಮ ತಾಂತ್ರಿಕ ಪ್ರತಿನಿಧಿ ಪರಿಶೀಲಿಸಿ, 15 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಕ್ಲೇಮ್ ತಿರಸ್ಕರಿಸುವುದಾದರೆ ಯಾವ ಷರತ್ತಿನಡಿ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂದು ತಿಳಿಸಿ. ತುಕ್ಕು ಹರಡದಂತೆ ಸದ್ಯಕ್ಕೆ ಎಣ್ಣೆಯ ತೆಳು ಲೇಪ ಮಾತ್ರ ಹಾಕಿದ್ದೇನೆ.’

ಕೊನೆಯ ಸಾಲನ್ನು ಬಿಡಬೇಡಿ. ‘ನೋಡಿಯೂ ಸುಮ್ಮನಿದ್ದು ಹೆಚ್ಚು ಮಾಡಿಕೊಂಡಿರಿ’ ಅನ್ನುವ ವಾದಕ್ಕೆ ಅದೇ ಉತ್ತರ. ಹಾಗಂತ ಉತ್ತರ ಬರುವ ಮೊದಲು ಉಜ್ಜಿ, ಬಣ್ಣ ಬಳಿಸಿ ಸಾಕ್ಷಿ ಅಳಿಸಬೇಡಿ.

ಕಾನೂನಿನ ಬಲ ಎಷ್ಟಿದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ದೋಷ’ ಅಂದರೆ ಗುಣಮಟ್ಟದಲ್ಲಿನ ಯಾವುದೇ ಕೊರತೆ. ಆ ಗುಣಮಟ್ಟ ಕಾನೂನು ಹೇಳಿದ್ದಿರಬಹುದು, ಕರಾರಿನಲ್ಲಿ ಬರೆದದ್ದು ಅಥವಾ ಬರೆಯದೆಯೇ ಅಡಗಿರುವುದು ಇರಬಹುದು, ಮಾರುವವರು ಹೇಳಿಕೊಂಡದ್ದೂ ಇರಬಹುದು. ಜಾಹೀರಾತಿನಲ್ಲಿ ಬೈಕ್ ಹೊಳೆ ದಾಟಿ, ಕೆಸರು ಹಾರಿಸಿ ಓಡಿದ್ದರೆ ಅದರ ಸ್ಕ್ರೀನ್‌ಶಾಟೂ ತೆಗೆದಿಡಿ.

ಇದಕ್ಕಿಂತ ಹಳೆಯದು 1930ರ ಸರಕು ಮಾರಾಟ ಕಾಯ್ದೆ. ಅದರ 16ನೇ ಸೆಕ್ಷನ್ ಪ್ರಕಾರ, ಆ ಬಗೆಯ ಸರಕಿನ ವ್ಯಾಪಾರವನ್ನೇ ಮಾಡುವವರು ಕೊಟ್ಟ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಅನ್ನೋದು ಬರೆಯದಿದ್ದರೂ ಇರುವ ಷರತ್ತು. ಉಡುಪಿಯಲ್ಲೋ ಕಾರವಾರದಲ್ಲೋ ಶೋರೂಂ ತೆರೆದು, ಇಲ್ಲೇ ಓಡಿಸಲು ಮಾರಿದ ಬೈಕ್ ಇಲ್ಲಿನ ಹವೆಯನ್ನು ಒಂದು ವರ್ಷವಾದರೂ ತಾಳಬೇಕು ಅನ್ನುವ ವಾದಕ್ಕೆ ಬುನಾದಿ ಇದು. ಆದರೆ ಕಂಪನಿಗೂ ವಾದ ಇದೆ. ಇಂಥ ಷರತ್ತುಗಳನ್ನು ಕರಾರಿನ ಮೂಲಕ ಹೊರಗಿಡಲು ಅದೇ ಕಾಯ್ದೆಯ 62ನೇ ಸೆಕ್ಷನ್ ಅವಕಾಶ ಕೊಡುತ್ತೆ. ಖರೀದಿಸುವಾಗ ನೋಡಿದ್ದರೆ ಕಾಣಬೇಕಿದ್ದ ದೋಷಕ್ಕೆ 16ನೇ ಸೆಕ್ಷನ್ನಿನ ಆ ರಕ್ಷಣೆಯೂ ಇಲ್ಲ. ಡೆಲಿವರಿ ದಿನ ಹಾರ ಹಾಕಿ ಸೆಲ್ಫಿ ತೆಗೆಯುವ ಮೊದಲು ಟಾರ್ಚ್ ಹಿಡಿದು ಬೈಕಿನ ಕೆಳಗೆ ಬಗ್ಗಿ ನೋಡಬೇಕು ಅನ್ನೋದು ಅದಕ್ಕೇ.

2019ರ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಅನ್ನುವ ಹೊಸ ಪರಿಕಲ್ಪನೆ ಬಂತು. ಗ್ರಾಹಕರ ಹಕ್ಕುಗಳನ್ನು ಗಣನೀಯವಾಗಿ ಬದಲಿಸುವ, ಒಂದೇ ಕಡೆಗೆ ವಾಲಿದ ಷರತ್ತುಗಳನ್ನು ಪ್ರಶ್ನಿಸಬಹುದು. ಆದರೆ ಅದಕ್ಕೆ ಜಿಲ್ಲಾ ಆಯೋಗ ಅಲ್ಲ, ರಾಜ್ಯ ಅಥವಾ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕು. ಒಬ್ಬರ ಒಂದು ಬೈಕಿಗೆ ಅದು ಭಾರ, ನೂರು ಜನ ಸೇರಿದರೆ ಬೇರೆ ಮಾತು.

ಹೊರಗಿನ ಮೆಕ್ಯಾನಿಕ್ ಕೈಯಿಟ್ಟರೆ ವಾರಂಟಿಯೇ ಹೋಯ್ತು ಅಂತ ಹೆದರಿಸುವುದಿದೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿಗೂ ಹೆಚ್ಚು ದಂಡ ಹಾಕಿದ ಆದೇಶದಲ್ಲಿ ಈ ಪ್ರಶ್ನೆಯೂ ಬಂದಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅನ್ನೋದು ಅದರ ಸಾರ. ಅದು ಕಾರಿನ ಪ್ರಕರಣ, ಕಂಪನಿಗಳು ಮೇಲ್ಮನವಿಗೂ ಹೋದವು. ಹಾಗಾಗಿ ತತ್ವವಾಗಿ ಉಲ್ಲೇಖಿಸಿ, ಅದನ್ನೇ ನೆಚ್ಚಿಕೊಂಡು ವಾರಂಟಿ ಅವಧಿಯಲ್ಲಿ ಚಾಸಿಗೆ ಹೊರಗಡೆ ಬೆಸುಗೆ ಹಾಕಿಸಬೇಡಿ.

ಇನ್ನು ಏನು ಕೇಳಬೇಕು ಅನ್ನೋದು. ಸಿಟ್ಟಿನಲ್ಲಿ ಎಲ್ಲರೂ ‘ಬೈಕ್ ಬದಲಿಸಿ ಕೊಡಿ’ ಅಂತಾರೆ. ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ, ವಾರಂಟಿ ಭಾಗದ ರಿಪೇರಿ ಅಥವಾ ಬದಲಾವಣೆಗೆ ಸೀಮಿತವಾಗಿದ್ದರೆ ಇಡೀ ವಾಹನ ಬದಲಿಸಿ ಅನ್ನಲು ಬರಲ್ಲ ಅಂದಿದೆ. ಆ ಭಾಗದ ಬದಲಾವಣೆ, ಹೊಸ ಭಾಗಕ್ಕೆ ವಾರಂಟಿ ವಿಸ್ತರಣೆ, ಬೈಕ್ ನಿಂತಿದ್ದ ದಿನಗಳ ಖರ್ಚು, ಪರಿಹಾರ, ದಾವೆ ವೆಚ್ಚ: ಹೀಗೆ ಪಟ್ಟಿ ಮಾಡಿ ಕೇಳಿ.

ಯಾರ ಮೇಲೆ ದೂರು? ಡೀಲರ್, ತಯಾರಕ ಇಬ್ಬರ ಮೇಲೂ, ಯಾರ ತಪ್ಪು ಏನು ಅಂತ ಬೇರೆ ಬೇರೆ ಬರೆದು. 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಗೋವಾದ ಒಂದು ಪ್ರಕರಣದಲ್ಲಿ, 2011ರ ಕಾರು ಅಂತ ದುಡ್ಡು ಕೊಟ್ಟ ಗ್ರಾಹಕರಿಗೆ ಡೀಲರ್ 2009ರ ಕಾರು ಕೊಟ್ಟಿದ್ದರು, ಅದರ ತಳಭಾಗಕ್ಕೆ ತುಕ್ಕೂ ಹಿಡಿದಿತ್ತು. ಡೀಲರ್ ಮಾಡಿದ್ದು ತಯಾರಕರಿಗೆ ಗೊತ್ತಿತ್ತು ಅಂತ ತೋರಿಸದ ಹೊರತು ಅವರನ್ನು ಹೊಣೆ ಮಾಡಲಾಗದು ಅಂತ ಕೋರ್ಟ್ ಟಾಟಾ ಮೋಟಾರ್ಸ್ ಅನ್ನು ಆ ಹೊಣೆಯಿಂದ ಬಿಡಿಸಿತು. ಪಾಠ ಇಷ್ಟೇ: ಸ್ಟಾಕ್‌ಯಾರ್ಡಿನಲ್ಲಿ ನೆನೆಸಿದ್ದು ಡೀಲರ್ ತಪ್ಪು, ಬಣ್ಣ ಸರಿಯಿಲ್ಲದ್ದು ತಯಾರಕರ ತಪ್ಪು. ಎರಡನ್ನೂ ಕಲಸಿದರೆ ಇಬ್ಬರೂ ತಪ್ಪಿಸಿಕೊಳ್ತಾರೆ.

1915ರಿಂದ ಜಿಲ್ಲಾ ಆಯೋಗದವರೆಗೆ

ಕಂಪನಿ ಉತ್ತರ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಕೊಡಲಾರರು, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳ್ತಾರೆ. ಕೆಲವು ಸಲ ಅಷ್ಟರಲ್ಲೇ ಮುಗಿಯುತ್ತೆ. ಮುಗಿಯದಿದ್ದರೂ ದೂರಿನ ಸಂಖ್ಯೆ ಸಿಗುತ್ತೆ, ಅದೂ ದಾಖಲೆ.

ಮುಂದಿನದು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಪುಣೆಯಲ್ಲೋ ಚೆನ್ನೈಯಲ್ಲೋ ಇದ್ದರೂ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಆನ್‌ಲೈನಿನಲ್ಲೇ ಸಲ್ಲಿಸಬಹುದು. ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಹೋಗಬೇಕು. ಎದುರು ಪಕ್ಷದವರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ತಯಾರಿಕೆಯ ದೋಷ ಅನ್ನೋದನ್ನು ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ದೂರುದಾರರದ್ದೇ. ಬರೀ ಫೋಟೋ ಸಾಲದು ಅನ್ನಿಸಿದರೆ, ಕಾಯ್ದೆಯ 38ನೇ ಸೆಕ್ಷನ್ ಅಡಿ ಭಾಗವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸಿ ಅಂತ ಆಯೋಗವನ್ನೇ ಕೇಳಬಹುದು. ಲೇಪನದ ದಪ್ಪ ಅಳೆಯುವುದು ಲೋಹಶಾಸ್ತ್ರದವರಿಗೆ ದೊಡ್ಡ ಕೆಲಸವೇನಲ್ಲ. ಜೊತೆಗೆ ‘ಸೇವಾ ನ್ಯೂನತೆ’ಯನ್ನೂ ಸೇರಿಸಿ: ಜಾಬ್ ಕಾರ್ಡ್ ಕೊಡಲಿಲ್ಲ, ಪರಿಶೀಲಿಸಲಿಲ್ಲ, ಕಾರಣ ಹೇಳಲಿಲ್ಲ. ದೋಷ ಸಾಬೀತಾಗದಿದ್ದರೂ ಇದು ನಿಲ್ಲಬಹುದು.

ಡೆಲಿವರಿ ಕೆಲಸ ಮಾಡುವ ಗೆಳೆಯರಿಗೆ ಒಂದು ಮಾತು. ‘ನೀವು ಬೈಕನ್ನು ವ್ಯಾಪಾರಕ್ಕೆ ಬಳಸ್ತೀರಿ, ನೀವು ಗ್ರಾಹಕರೇ ಅಲ್ಲ’ ಅಂತ ಕಂಪನಿ ವಕೀಲರು ಹೇಳಬಹುದು. ಕಾಯ್ದೆಯ 2(7)ನೇ ಸೆಕ್ಷನ್ನಿನ ವಿವರಣೆ ನೋಡಿ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವುದು ‘ವಾಣಿಜ್ಯ ಉದ್ದೇಶ’ ಅಲ್ಲ ಅಂತ ಅಲ್ಲಿದೆ. ದಿನವಿಡೀ ಮಳೆಯಲ್ಲಿ ಬೈಕ್ ಓಡಿಸುವವರಿಗೇ ಈ ಸಾಲು ಹೆಚ್ಚು ಬೇಕು. ದೂರಿನಲ್ಲಿ ಅದನ್ನು ಮೊದಲೇ ಬರೆದುಬಿಡಿ.

ಕಾಗದದ ಮೇಲೆ ಪರೀಕ್ಷೆ ಬೇಡದ ಪ್ರಕರಣ 3 ತಿಂಗಳಲ್ಲಿ, ಪರೀಕ್ಷೆ ಬೇಕಾದ್ದು 5 ತಿಂಗಳಲ್ಲಿ ಮುಗಿಯಬೇಕು. ಅದಕ್ಕಿಂತ ಹೆಚ್ಚು ಕಾಲಕ್ಕೆ ತಯಾರಾಗಿ ಹೋಗಿ. ಗ್ರಾಹಕ ಆಯೋಗಗಳಲ್ಲಿ ಖಾಲಿ ಬಿದ್ದ ಹುದ್ದೆಗಳ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು.

ಸದ್ಯಕ್ಕೆ ಬೈಕ್ ಉಳಿಸಿಕೊಳ್ಳೋದು

ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸಿಹಿನೀರಿನಲ್ಲಿ ಕೆಳಭಾಗ ತೊಳೆದು, ಒಣಗಿಸಿ. ಹೈ ಪ್ರೆಶರ್ ಗನ್ನನ್ನು ಬೇರಿಂಗ್, ಚೈನ್, ವೈರಿಂಗ್ ಸೇರುವ ಜಾಗಕ್ಕೆ ಹಿಡಿಯಲು ಬಿಡಬೇಡಿ. ಡೀಸೆಲ್ ಹೊಡೆದು ತೊಳೆಯುವ ಹಳೇ ಅಭ್ಯಾಸ ರಬ್ಬರನ್ನು ಹಾಳು ಮಾಡುತ್ತೆ. ತೊಳೆದ ಮೇಲೆ ಚೈನಿಗೆ ಲೂಬ್, ಬೋಲ್ಟಿನ ತಲೆಗಳಿಗೆ ತುಕ್ಕು ನಿರೋಧಕ ಸ್ಪ್ರೇಯನ್ನು ಬಟ್ಟೆಯಲ್ಲಿ ಒರೆಸಿ. ಡಿಸ್ಕಿಗೂ ಟೈರಿಗೂ ತಾಗದಿರಲಿ. ಒದ್ದೆ ಬೈಕಿಗೆ ಟಾರ್ಪಾಲು ಸುತ್ತಿಡಬೇಡಿ, ಒಳಗಿನ ಸೆಕೆ ತುಕ್ಕಿಗೆ ಹಬ್ಬ. ಶೋರೂಮಿನಲ್ಲಿ ಕೋಟಿಂಗ್ ಹೆಸರಲ್ಲಿ ಸಾವಿರಾರು ರೂಪಾಯಿ ಕೇಳಿದರೆ ಒಂದೇ ಪ್ರಶ್ನೆ: ಇದು ತುಕ್ಕನ್ನು ತಡೆಯುತ್ತೆ ಅಂತ ಬರೆದು ಕೊಡ್ತೀರಾ? ಬರೆದುಕೊಟ್ಟರೆ ಅದೂ ಒಂದು ವಾರಂಟಿ.

ಒಬ್ಬೊಬ್ಬರೇ ಹೋದರೆ ಸಾಲದು

ಅಮೆರಿಕದ ರಾಜ್ಯಗಳಲ್ಲಿ ಪದೇ ಪದೇ ಕೆಡುವ ಹೊಸ ವಾಹನಕ್ಕೆ ಪರಿಹಾರ ಕೊಡಿಸುವ ‘ಲೆಮನ್ ಲಾ’ ಅನ್ನುವ ಪ್ರತ್ಯೇಕ ಕಾನೂನುಗಳಿವೆ. ಯುರೋಪಿನಲ್ಲಿ ಅನೇಕ ಕಾರು ಕಂಪನಿಗಳು ಬಾಡಿ ತುಕ್ಕು ತಿಂದು ತೂತು ಬೀಳದಂತೆ 12 ವರ್ಷದ ವಾರಂಟಿ ಕೊಡ್ತವೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನ ಕ್ಷೇತ್ರವೂ ಅದರಲ್ಲಿದೆ. ಪೋರ್ಟಲ್ ಮಾಹಿತಿ ಕೊಡುತ್ತೆ, ಹಕ್ಕು ಕೊಡೋದು ಕಾನೂನು.

ಇರುವ ಕಾನೂನಿನಲ್ಲೇ ಒಂದು ದಾರಿ ಇದೆ, ಬಳಸುವವರು ಕಮ್ಮಿ. ಒಂದೇ ಬಗೆಯ ತೊಂದರೆ ಇರುವ ಎಲ್ಲ ಗ್ರಾಹಕರ ಪರವಾಗಿ ಒಬ್ಬರೋ ಕೆಲವರೋ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು, 35ನೇ ಸೆಕ್ಷನ್. ಗ್ರಾಹಕರ ಒಂದು ವರ್ಗಕ್ಕೇ ತೊಂದರೆ ಆಗಿದ್ದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಬರೆಯಬಹುದು. ದೋಷ ರಸ್ತೆಯಲ್ಲಿ ಅಪಾಯ ತರುವಂಥದ್ದಾದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಸೆಕ್ಷನ್ ಅಡಿ ಆ ಮಾದರಿಯ ವಾಹನಗಳನ್ನು ವಾಪಸ್ ಕರೆಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ.

ಒಬ್ಬರ ಸ್ವಿಂಗ್ ಆರ್ಮ್ ತುಕ್ಕು ಹಿಡಿದರೆ ‘ಸಮುದ್ರದ ಗಾಳಿ’. ಒಂದೇ ಮಾದರಿಯ ಮೂವತ್ತು ಬೈಕುಗಳ ಅದೇ ಬೆಸುಗೆ, ಅದೇ ಬದಿ, ಅದೇ ತಿಂಗಳು ತುಕ್ಕು ಹಿಡಿದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು. ಆ ಮೂವತ್ತು ಜನ ಕಾಲೇಜಿನ ಪಾರ್ಕಿಂಗಿನಲ್ಲಿ, ಡೆಲಿವರಿ ಹುಡುಗರು ನಿಲ್ಲುವ ಮರದ ಕೆಳಗೆ, ಗ್ಯಾರೇಜಿನ ಮುಂದೆ ದಿನಾ ಒಬ್ಬರನ್ನೊಬ್ಬರು ನೋಡ್ತಿರ್ತಾರೆ, ಒಬ್ಬರ ಜಾಬ್ ಕಾರ್ಡ್ ಇನ್ನೊಬ್ಬರು ನೋಡಿರಲ್ಲ ಅಷ್ಟೇ. ಒಂದು ಪಟ್ಟಿ ಮಾಡಿ: ಮಾದರಿ, ತಯಾರಾದ ತಿಂಗಳು, ಡೆಲಿವರಿ ದಿನ, ತುಕ್ಕಿನ ಜಾಗ, ಕಂಪನಿ ಕೊಟ್ಟ ಉತ್ತರ. ಆಯೋಗಕ್ಕೆ ಹೋಗಲಿ, ಹೋಗದಿರಲಿ, ಮುಂದೆ ಅದೇ ಬೈಕ್ ಕೊಳ್ಳುವವರಿಗೆ ಜಾಹೀರಾತಿಗಿಂತ ಆ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತೆ.